ಗದ್ದಲವಿಲ್ಲದ ಪ್ರವಾಸಕ್ಕೆ ಢೋಲ್-ತಾಶಾ

ಗೆಳೆಯರೇ, ಸದ್ದುಗದ್ದಲ ತಡೆಯಲಾಗದ, ಆಟಿಸಂ ಇರುವ ಮಕ್ಕಳನ್ನು ವಾಹನಗಳೇ ಇಲ್ಲದ ಮಾಥೇರಾನ್ ಬೆಟ್ಟಕ್ಕೆ ಒಂದು ದಿನ ಕರೆದೊಯ್ಯುವ ಬಗ್ಗೆ ಇವತ್ತು ಮುಂಬಯಿಯ ದಾದರಿನ ನಮ್ಮ ಕನ್ನಡ ಸಂಘದಲ್ಲಿ ಸಭೆ ಇತ್ತು. ಗದ್ದಲವಿಲ್ಲದ ಪ್ರವಾಸ ಎಂದೇ ಅದರ ಹೆಸರು.

ಅಧ್ಯಕ್ಷರು ಮೈಕ್ ಹಿಡಿದರು. "ಬಸ್ ಹೊರಡುವಾಗ ಢೋಲ್-ತಾಶಾ ವಾದ್ಯದ ಅಬ್ಬರ ಇರಲಿ. ಬೆಟ್ಟದ ಮೇಲೆ ಗಣ್ಯರಿಗೆ ಸನ್ಮಾನ."

ಜೋಗೇಶ್ವರಿಯ ಸುಜಾತಕ್ಕ ಎದ್ದರು. "ಅಣ್ಣಾ, ಢೋಲ್ ಕೇಳಿದ್ರೆ ನನ್ನ ಮಗಳು ಬಸ್ಸೇ ಹತ್ತಲ್ಲ. ಅವಳು ಊರು ಬಿಟ್ಟು ಹೊರಡೋದು ಇದೇ ಮೊದಲ ಸಲ."

"ಅರೇ ತಂಗಿ, ಟೆನ್ಶನ್ ಯಾಕೆ? ಮಕ್ಕಳ ಕಿವಿಗೆ ಹತ್ತಿ ಇಟ್ರಾಯ್ತು. ಶಾಲು ಆಗಲೇ ತಂದಾಗಿದೆ!"

ಸಭೆ ಚಪ್ಪಾಳೆ ತಟ್ಟಿತು. ಸುಜಾತಕ್ಕ ಪ್ರವಾಸದ ಪಟ್ಟಿಯಿಂದ ಮಗಳ ಹೆಸರು ವಾಪಸ್ ಪಡೆದರು, ಉಳಿದ ತಾಯಂದಿರೂ ಹಾಗೇ ಮಾಡಿದರು.

ಈಗ ಬಸ್ಸಿನ ತುಂಬ ಗಣ್ಯರೇ. ಹತ್ತಿಯನ್ನು ಮಾತ್ರ ಮರೆಯದೆ ಒಯ್ಯಬೇಕು, ಅಲ್ಲಿ ಅಧ್ಯಕ್ಷರ ಭಾಷಣವೂ ಇದೆ.