ಅರ್ಧಮಾತ್ರೆಯ ಬ್ಲೇಡು

ನಮ್ಮ ಆಸ್ಪತ್ರೆಯ ಕಂಪೌಂಡರನ್ನು ಎಲ್ಲರೂ ಕರೆಯುತ್ತಿದ್ದುದು ಅರ್ಧಮಾತ್ರೆ ಎಂದೇ. ಕಡಲೆಬೇಳೆಯಷ್ಟು ಮಾತ್ರೆಯನ್ನೂ ಬ್ಲೇಡಿನಿಂದ ಒಂದೇ ಏಟಿಗೆ ಸರಿಪಾಲು ಮಾಡುವ ಕೈ ಅವನದು. ಆ ಕೈಯನ್ನು ಹೊಗಳಿ ಹೊಗಳಿ ನಾವೇ ಅವನನ್ನು ಹೊನ್ನಶೂಲಕ್ಕೇರಿಸಿದ್ದೆವು.

ಆಮೇಲೆ ಮಾತ್ರೆ ಮುದ್ರಿಸುವ ಯಂತ್ರ ಬಂತು. ಔಷಧದ ಹಿಟ್ಟನ್ನು ಪದರದ ಮೇಲೆ ಪದರ ಕೂರಿಸಿ, ಒಬ್ಬೊಬ್ಬ ರೋಗಿಗೂ ಬೇಕಾದ ಅಳತೆಗೇ ಮಾತ್ರೆ ಕಟ್ಟುವ ಯಂತ್ರ. ಅದನ್ನು ನಡೆಸಲು ಕಲಿತು ಬಂದವಳು ಅವನ ಸ್ವಂತ ಸೊಸೆ. ಇನ್ನು ಕತ್ತರಿಸುವುದೇನಿದೆ? ಬ್ಲೇಡು ಡ್ರಾಯರು ಸೇರಿತು, ಅವನ ಮುಖ ಗಂಟಾಯಿತು.

ಹಳೇ ಗಿರಾಕಿಯೊಬ್ಬಳಿದ್ದಳು, ಬಟ್ಟೆ ಹೊಲಿಯುವ ಅಜ್ಜಿ. ರಕ್ತದೊತ್ತಡಕ್ಕೆ ಮುದ್ರಿಸಿಕೊಟ್ಟ ಮಾತ್ರೆಗಳನ್ನು ಹಿಡಿದು ಕಿಟಕಿಗೆ ಬಂದಳು. "ಇದು ಗಂಟಲಲ್ಲಿ ಇಳಿಯಲ್ಲಪ್ಪಾ. ನೀನೇ ಏನಾದ್ರೂ ಮಾಡು."

ಸೊಸೆ ಒಳಗೇ ಇದ್ದಳು. ಒಂದು ಮಾತು ಕೇಳಿದ್ದರೆ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಮಾವ ಸೊಸೆಯನ್ನು ಕೇಳುವುದೇ? ಬ್ಲೇಡು ತೆಗೆದ, ಎಲ್ಲವನ್ನೂ ಎರಡೆರಡು ಮಾಡಿಕೊಟ್ಟ.

ದಿನವಿಡೀ ಮೆಲ್ಲಗೆ ಕರಗಲೆಂದು ಕಟ್ಟಿದ್ದ ಹೊರಪದರವನ್ನು ಅವನು ಸೀಳಿಬಿಟ್ಟಿದ್ದ. ಅಷ್ಟೂ ಔಷಧ ಒಮ್ಮೆಗೇ ಮೈಗೇರಿ, ಅಜ್ಜಿ ತಲೆಸುತ್ತಿ ಮೆಟ್ಟಿಲಿನಿಂದ ಬಿದ್ದಳು. ಕತ್ತರಿ ಹಿಡಿಯುವ ಕೈಯೇ ಮುರಿಯಿತು.

ಡಾಕ್ಟರು ಯಂತ್ರ ನಿಲ್ಲಿಸಿದರು. ಸೊಸೆಯೇ ಅಳತೆ ತಪ್ಪಿರಬೇಕು, ಇನ್ನು ಅವಳಿಗೆ ಇಲ್ಲಿ ಕೆಲಸವಿಲ್ಲ ಎಂದರು. ಅವಳು ಅಳುತ್ತಲೇ ಯಂತ್ರದ ಒಂದೊಂದು ಭಾಗವನ್ನೂ ಬಿಚ್ಚಿ ತೊಳೆದಳು. ಅವನು ಬಾಯಿಗೆ ಬೀಗ ಹಾಕಿಕೊಂಡು ಪಕ್ಕದಲ್ಲಿ ನೀರು ಹೊಯ್ದ. ಊಟಕ್ಕೆ ಕೂತಾಗ ಅವಳು, "ಮಾವ, ನನ್ನಿಂದ ನಿಮ್ಮ ಹೆಸರೂ ಕೆಡ್ತು" ಅಂದಳು. ಅವನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸುವಷ್ಟು ನಾಚಿಕೆಯಾಯಿತು.

ಅಜ್ಜಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮತ್ತೆ ಬಂದ ದಿನ, ಡಾಕ್ಟರ ಎದುರಿಗೇ ಹೇಳಿದ. "ಅಳತೆ ಸರಿಯಾಗೇ ಇತ್ತು. ಮಾತ್ರೆ ಕತ್ತರಿಸಿ ಕೆಡಿಸಿದ್ದು ನಾನು."

ಅಜ್ಜಿ ನಕ್ಕಳು. "ಬಟ್ಟೆ ಕತ್ತರಿಸೋಳಿಗೆ ನಿನ್ನ ಕೈ ಗೊತ್ತಿಲ್ವಾ? ನೀನು ಕತ್ತರಿಸಿಕೊಟ್ಟಿದ್ದು ಕೆಡುತ್ತಾ? ಸೊಸೆನ ಉಳಿಸೋಕೆ ಈ ವಯಸ್ಸಲ್ಲಿ ಸುಳ್ಳು ಬೇರೆ!"

ಡಾಕ್ಟರೂ ನಕ್ಕು, ದೊಡ್ಡ ಮನಸ್ಸು ಎಂಬಂತೆ ಅವನ ಬೆನ್ನು ತಟ್ಟಿದರು. ಹೊಡೆದಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಸೊಸೆ ಮಾತ್ರ ನಗಲಿಲ್ಲ. ಅಜ್ಜಿಯ ಪೊಟ್ಟಣದಲ್ಲಿ ಉಳಿದಿದ್ದ ಎರಡು ತುಂಡುಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿಟ್ಟು, "ಇದನ್ನ ಕತ್ತರಿಸಲೇಬಾರದು, ಹೊರಪದರ ಸೀಳಿದ್ರೆ ದಿನದ ಔಷಧವೆಲ್ಲ ಒಮ್ಮೆಗೇ ಮೈಗೇರುತ್ತೆ" ಅಂದಳು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದ ಸರಿಪಾಲು. ಅಂಥ ನೇರ ಗೆರೆ ಬೇರೆ ಯಾರ ಕೈಯಿಂದಲೂ ಬರುವುದಿಲ್ಲವೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅಜ್ಜಿ. ಅವಳ ನಗು ಅಲ್ಲಿಗೇ ನಿಂತಿತು.