ಅರ ಹಿಡಿದ ಗುಮಾಸ್ತರು

ಮುಳಬಾಗಿಲಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಗುಮಾಸ್ತರು ಭಾನುವಾರ ಬಂತೆಂದರೆ ಪಂಚೆ ಎತ್ತಿ ಕಟ್ಟಿ, ಹಳೆಯ ಸ್ಕೂಟರಿನ ಎಂಜಿನ್ ಬಿಚ್ಚಿಕೊಂಡು ಹಿತ್ತಲಲ್ಲಿ ಕೂರುತ್ತಿದ್ದರು. ಸಿಲಿಂಡರಿನಲ್ಲಿ ಹೊಗೆ ಹೊರಹೋಗುವ ಕಿಂಡಿಯನ್ನು ದುಂಡನೆಯ ಅರದಿಂದ ಉಜ್ಜುವರು, ಊದುವರು, ಕಿರುಬೆರಳು ತೂರಿಸಿ ಸವರುವರು. ಹೆಂಡತಿ ಊಟಕ್ಕೆ ಕರೆದರೆ ಒಂದೇ ಉತ್ತರ: “ಇನ್ನೊಂಚೂರು ಕಣೇ.” ಕಿಂಡಿ ದೊಡ್ಡದಾದಷ್ಟೂ ಗಾಡಿ ಓಡುತ್ತದೆಂದು ಅವರ ನಂಬಿಕೆ.

ಓಡಿತು ಕೂಡ. ನಂಗಲಿ ರಸ್ತೆಯಲ್ಲಿ ಲಾರಿಗಳನ್ನು ಹಿಂದೆ ಹಾಕಿತು. ಆದರೆ ನಿಧಾನಕ್ಕೆ ಎಳೆಯುವ ಶಕ್ತಿಯೇ ಹೋಗಿತ್ತು. ಹೆಂಡತಿಯನ್ನು ಕೂರಿಸಿಕೊಂಡು ಸಂತೆಯಿಂದ ಬರುವಾಗ ನಮ್ಮ ಬೀದಿಯ ದಿಬ್ಬದಲ್ಲಿ ಉಸಿರುಗಟ್ಟಿತು. ಆಕೆ ಇಳಿದು, ತರಕಾರಿ ಚೀಲ ಹಿಡಿದು ನಡೆದರು. ವೇಗ ತಗ್ಗಿಸಿದರೆ ಎಂಜಿನ್ ಆರಿಹೋಗುತ್ತದೆಂದು ಇವರು ರೊಂಯ್ಯನೆ ಆಕೆಯ ಸುತ್ತಲೇ ಸುತ್ತು ಹಾಕುತ್ತಾ ಮೇಲೆ ಬಂದರು. ಬೀದಿಯೆಲ್ಲ ನೋಡುತ್ತಿತ್ತು.

“ನೀವು ಮುಂದೆ ಹೋಗ್ರೀ, ನಾನ್ ನಡ್ಕೊಂಡ್ ಬರ್ತೀನಿ” ಅಂದರು ಆಕೆ. ಅವರು ಹೋಗಲಿಲ್ಲ.

ಮುಂದಿನ ಭಾನುವಾರ ಅರ ಹೊರಬರಲಿಲ್ಲ. ಗುಜರಿಯಿಂದ ಯಾರೂ ಉಜ್ಜದ ಸಿಲಿಂಡರ್ ತಂದು ಕೂರಿಸಿದರು. ಸಂಜೆ ಇಬ್ಬರನ್ನೂ ಹೊತ್ತ ಸ್ಕೂಟರ್ ಎತ್ತಿನಂತೆ ಮೆಲ್ಲಗೆ ದಿಬ್ಬ ಹತ್ತಿತು. ಮನೆ ಮುಂದೆ ಅವರು ಬ್ರೇಕ್ ಹಿಡಿದರು. ಆಕೆ ಇಳಿಯಲಿಲ್ಲ.

“ಇನ್ನೊಂಚೂರು ಹೋಗೋಣ ಕಣ್ರೀ.”