ಲೂವಿಸ್ ಪೊರ್ಬುಗಳ ಕಾಪ್ರಿಸ್

ಕಳೆದ ವಾರ ನನ್ನ ಕಾರಿನಲ್ಲಿ ತೆಂಗಿನೆಣ್ಣೆ ಚೆಲ್ಲಿತು. ಊರಿನಿಂದ ಬಂದವರು ಕೊಟ್ಟ ಬಾಟಲಿಯನ್ನು ನನ್ನ ಹೆಂಡತಿ ನಬೀಸ ಮುಂದಿನ ಸೀಟಿನಲ್ಲೇ ಮರೆತು, ತರಕಾರಿ ಚೀಲವನ್ನು ಮಾತ್ರ ಎತ್ತಿಕೊಂಡು ಮನೆಯ ಮೆಟ್ಟಿಲು ಹತ್ತಿದ್ದಳು. ಬಾಟಲಿಯ ಮುಚ್ಚಳ ಸಡಿಲ, ಹೊರಗೆ ಜಿದ್ದಾದ ಬೇಸಿಗೆ. ಮರುದಿನ ಮಧ್ಯಾಹ್ನ ನಾನು ಬಾಗಿಲು ತೆಗೆದರೆ, ಒಳಗೆ ಯಾರೋ ಒಗ್ಗರಣೆಗೆ ಎಣ್ಣೆ ಇಟ್ಟು ಸಾಸಿವೆ ಹುಡುಕಲು ಹೋದ ಹಾಗಿತ್ತು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಾಗಿಲು ಹಿಡಿದು ಕಣ್ಣು ಮುಚ್ಚಿ ಮೂಸುತ್ತಾ ನಿಂತುಬಿಟ್ಟೆ. ನನಗೆ ತಲೆ ತಿರುಗಿದೆಯೆಂದು ಎದುರಿನ ಅಂಗಡಿಯ ಯೆಮನಿ ನೀರಿನ ಬಾಟಲಿ ಹಿಡಿದು ಓಡಿ ಬಂದ.

ಅವನಿಗೆ ಹೇಗೆ ಹೇಳುವುದು? ನಿಮಗಾದರೆ ಹೇಳಬಹುದು. ಅದು ನನ್ನ ಕಾರಿನ ವಾಸನೆಯಲ್ಲ, ಲೂವಿಸ್ ಪೊರ್ಬುಗಳ ಕಾಪ್ರಿಸ್ ಕಾರಿನ ವಾಸನೆ.

ನಮ್ಮ ಕರಾವಳಿಯಲ್ಲಿ ಕ್ರೈಸ್ತರನ್ನು ಪೊರ್ಬುಗಳು ಎನ್ನುತ್ತೇವೆ. ಅವರು ನಮ್ಮನ್ನು ಬ್ಯಾರಿಗಳು ಎನ್ನುತ್ತಾರೆ. ಉಡುಪಿ ಹತ್ತಿರದ ಶಿರ್ವದ ಲೂವಿಸ್ ಪೊರ್ಬುಗಳು ಜಿದ್ದಾ ಬಂದರಿನ ಹತ್ತಿರದ ಸರಕು ಸಾಗಣೆ ಆಫೀಸಿನಲ್ಲಿ ಅಕೌಂಟೆಂಟ್. ಮೂಡಬಿದ್ರೆಯಿಂದ ಬಂದ ನಾನು ಅದೇ ಆಫೀಸಿನಲ್ಲಿ ಗುಮಾಸ್ತ. ಮೀಸೆ ಆಗಷ್ಟೇ ನನ್ನ ಮಾತು ಕೇಳತೊಡಗಿದ್ದ ವಯಸ್ಸು. ನಾನು ಬಂದಿಳಿದ ದಿನ ವಿಮಾನ ನಿಲ್ದಾಣದಿಂದ ನನ್ನನ್ನು ಕರೆದುಕೊಂಡು ಹೋಗಲು ಬಂದದ್ದು ಅವರೇ, ಆ ಕಾರಿನಲ್ಲೇ. ನಾನು ಅದುವರೆಗೆ ಕಂಡ ದೊಡ್ಡ ವಾಹನವೆಂದರೆ ಮದುವೆಗೆ ಬಾಡಿಗೆಗೆ ಬರುತ್ತಿದ್ದ ಅಂಬಾಸಿಡರ್. ಕಾಪ್ರಿಸ್ಸಿನ ಮುಂದೆ ಅದು ಮಗುವಿನ ತೊಟ್ಟಿಲು. ಇದು ಆಫೀಸಿನ ಕಾರೋ ಅಥವಾ ರಾಜಮನೆತನದ್ದೋ ಎಂದು ಕೇಳಲು ನಾಚಿಕೆಯಾಗಿ ನಾನು ಹಿಂದಿನ ಬಾಗಿಲಿಗೆ ಕೈ ಹಾಕಿದೆ. ಪೊರ್ಬುಗಳು ಬಿಡಲಿಲ್ಲ, ಮುಂದೆ ಕೂರಿಸಿದರು.

ಮುಂದಿನ ಸೀಟು ಸೋಫಾದ ಹಾಗೆ ಒಂದೇ ಉದ್ದಕ್ಕೆ. ಗೇರಿನ ಕೋಲು ಸ್ಟೀರಿಂಗಿನ ಪಕ್ಕದಲ್ಲಿ, ಹಾಗಾಗಿ ನಡುವೆಯೂ ಒಬ್ಬ ಕೂರಬಹುದು. ಆ ನಡುವಿನ ಜಾಗ ಊರಿನಿಂದ ಹೊಸದಾಗಿ ಬಂದವನಿಗೆ ಮೀಸಲು. ಎರಡೂ ಕಡೆ ಜನ ಇದ್ದರೆ ಅಳು ಬರುವುದಿಲ್ಲ ಎನ್ನುವುದು ಪೊರ್ಬುಗಳ ಸಿದ್ಧಾಂತ. ಏಸಿಯ ಗಾಳಿ ನೇರವಾಗಿ ಮುಖಕ್ಕೇ ಬಡಿಯುವುದರಿಂದ ಹೊಸಬನಿಗೆ ಮನೆಯ ನೆನಪಿಗಿಂತ ಮೊದಲು ನೆಗಡಿ ಹಿಡಿಯುತ್ತಿತ್ತು. ನನಗೂ ಹಿಡಿಯಿತು.

ಆಗ ಜಿದ್ದಾದ ರಸ್ತೆ ತುಂಬ ಅಮೆರಿಕದ ಕಾರುಗಳೇ. ಇಂಪಾಲಾ, ಬ್ಯೂಕ್, ಕಾಪ್ರಿಸ್ ಒಂದರ ಹಿಂದೆ ಒಂದು, ಯಾವುದಕ್ಕೂ ಅವಸರವಿಲ್ಲ. ನಮ್ಮ ರೂಮಿನ ಆರು ಜನರಲ್ಲಿ ಪೊರ್ಬುಗಳನ್ನು ಬಿಟ್ಟರೆ ಬೇರೆ ಯಾರಿಗೂ ಸ್ವಂತದ್ದು ಎನ್ನಲು ಒಂದು ಸೈಕಲ್ ಕೂಡ ಇರಲಿಲ್ಲ, ಆದರೂ ಮಾತೆಲ್ಲ ನಾಲ್ಕು ಕಾರು ಇಟ್ಟುಕೊಂಡವರ ಹಾಗೆ. ರೂಮಿನ ಏಸಿ ಶಬ್ದ ಮಾತ್ರ ಮಾಡುತ್ತಿತ್ತು. ಆದ್ದರಿಂದ ಶುಕ್ರವಾರ ಮಧ್ಯಾಹ್ನ ಊಟದ ಪಾತ್ರೆ ಸಮೇತ ಕೆಳಗಿಳಿದು ನಿಂತ ಕಾರಿನೊಳಗೆ ಕೂರುತ್ತಿದ್ದೆವು. ಎಂಜಿನ್ ಗುಡುಗುಡು ಎನ್ನುತ್ತಿರಬೇಕು, ಕಾರು ಎಲ್ಲಿಗೂ ಹೋಗಬಾರದು. ಅಂಜಲ್ ಮೀನಿನ ಸಾರು, ಊರಿನ ಸುದ್ದಿ, ಯಾರದೋ ಮದುವೆಯ ಚರ್ಚೆ, ಆಮೇಲೆ ಆರು ಗೊರಕೆ. ದಾರಿಹೋಕ ಪೊಲೀಸನೊಬ್ಬ ಒಮ್ಮೆ ಕಿಟಕಿ ತಟ್ಟಿ ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದ. ಎಲ್ಲಿಗೂ ಇಲ್ಲ ಎಂದೆವು. ಅವನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಏನೂ ಅರ್ಥವಾಗದೆ ಹೊರಟುಹೋದ.

ಇನ್ನು ಎಣ್ಣೆಯ ವಿಷಯ. ಬಿಸಿಲಿಗೆ ಡ್ಯಾಶ್‌ಬೋರ್ಡ್ ಬಿರುಕು ಬಿಡುತ್ತದೆ. ಅದಕ್ಕೆ ಅಂಗಡಿಯಲ್ಲಿ ಬೇರೆ ಪಾಲಿಶ್ ಸಿಗುತ್ತದೆ. ಆದರೆ ತಲೆಗೆ, ಹಿಮ್ಮಡಿಗೆ, ಕೂಸಿನ ಮೈಗೆ ಆಗುವುದು ಕಾರಿಗೆ ಏಕೆ ಆಗಬಾರದು? ಪೊರ್ಬುಗಳು ವಾರಕ್ಕೊಮ್ಮೆ ಡ್ಯಾಶ್‌ಬೋರ್ಡಿಗೆ ಶುದ್ಧ ತೆಂಗಿನೆಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಮರಳುಗಾಳಿ ಎದ್ದ ದಿನ ಒಂದು ಕಿಟಕಿ ಅರೆ ತೆರೆದಿದ್ದರೂ ಸಾಕು, ಡ್ಯಾಶ್‌ಬೋರ್ಡ್ ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಲು ತಯಾರಾದ ಮೀನಿನ ತುಂಡಿನಂತಾಗುತ್ತಿತ್ತು. ಅವರು ಅದನ್ನೆಲ್ಲ ಒರೆಸಿ, ಮತ್ತೆ ಎಣ್ಣೆಯನ್ನೇ ಹಚ್ಚುತ್ತಿದ್ದರು. ನಾವು ನಗುತ್ತಿದ್ದೆವು. ಬಿರುಕು ಮಾತ್ರ ಕೊನೆಯವರೆಗೂ ಬೀಳಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ವರ್ಷಗಳು ಹೋದವು. ಜಪಾನಿನ ಚಿಕ್ಕ, ಚುರುಕಿನ, ಸಂಕೋಚದ ಕಾರುಗಳು ಬಂದವು. ನಾನೂ ಅಂಥದ್ದೇ ಒಂದನ್ನು ಕೊಂಡೆ. ಪೊರ್ಬುಗಳನ್ನು ಬಿಟ್ಟು ರೂಮಿನ ಉಳಿದವರು ಒಬ್ಬೊಬ್ಬರೇ ಊರಿಗೆ ಮರಳಿದರು. ನಾನೂ, ನಬೀಸ ಕೇಳಿದಾಗಲೆಲ್ಲ, ಮುಂದಿನ ರಂಜಾನಿಗೆ ಊರಿನಲ್ಲೇ ಇರುವ ಎಂದು ಹೇಳುತ್ತಾ ಇಲ್ಲೇ ಉಳಿದೆ. ಮಗಳು ಊರಿನಲ್ಲಿ ಮದುವೆಯಾಗಿ, ಮೊಮ್ಮಗನೂ ನಡೆಯಲು ಕಲಿತ. ಮುಂದಿನ ರಂಜಾನ್ ಮುಂದೆಯೇ ಇತ್ತು.

ನಾಲ್ಕೈದು ವರ್ಷದ ಹಿಂದೆ ಪೊರ್ಬುಗಳು ನಿವೃತ್ತರಾದರು. ಅವರ ಹೆಂಡತಿ ಲಿಲ್ಲಿಬಾಯಿ ಮೊದಲೇ ಶಿರ್ವ ಸೇರಿ, ಬಾವಿಗೆ ಪಂಪು ಹಾಕಿಸಿ ಕಾಯುತ್ತಿದ್ದರು. ಇಲ್ಲಿನ ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ: ಹೆಸರಿನಲ್ಲಿ ಗಾಡಿ ಇರುವವರೆಗೆ ಕಾಯಂ ಆಗಿ ಊರಿಗೆ ಹೋಗುವ ಪರವಾನಗಿ ಸಿಗುವುದಿಲ್ಲ. ಕಾರನ್ನು ಯಾರ ಹೆಸರಿಗಾದರೂ ಮಾಡಬೇಕು, ಇಲ್ಲವೇ ಗುಜರಿಗೆ ಹಾಕಿ ರುಜುವಾತು ತರಬೇಕು. ಗುಜರಿಯ ಮಾತೆತ್ತಿದರೆ ಪೊರ್ಬುಗಳು ಎದ್ದು ಹೋಗುತ್ತಿದ್ದರು. ಕೊಳ್ಳುವವರೇನೋ ಬರುತ್ತಿದ್ದರು. ಒಬ್ಬನಿಗೆ ಎಂಜಿನ್ ಮಾತ್ರ ಸಾಕಂತೆ. ಇನ್ನೊಬ್ಬ ತರುಣನಿಗೆ ಮರಳುಗಾಡಿನ ರಸ್ತೆಯಲ್ಲಿ ಕಾರನ್ನು ಗಿರಗಿರ ತಿರುಗಿಸುವ ಹುಚ್ಚು. ಪೊರ್ಬುಗಳು ಇಬ್ಬರಿಗೂ ಚಹಾ, ಚಕ್ಕುಲಿ ಕೊಟ್ಟು ಕಳಿಸಿದರು. ಮಗಳಿಗೆ ವರ ನೋಡುವವರ ಹಾಗೆ, ಮನೆಯಲ್ಲಿ ಎಷ್ಟು ಜನ, ಕಾರು ನಿಲ್ಲಿಸಲು ನೆರಳು ಇದೆಯೇ, ಸಿಟ್ಟಿನ ಸ್ವಭಾವವೇ ಎಂದೆಲ್ಲ ವಿಚಾರಿಸುತ್ತಿದ್ದರು. ಆ ವಿಚಾರಣೆಯನ್ನು ಅರಬಿಗೆ ಭಾಷಾಂತರಿಸುವುದು ನನ್ನ ಕೆಲಸ. ಹೀಗೆಯೇ ಒಂದು ವರ್ಷ ಕಳೆಯಿತು. ಲಿಲ್ಲಿಬಾಯಿ ನನಗೆ ಫೋನ್ ಮಾಡಿ, ಅವರಿಗೆ ಅಲ್ಲಿ ಬೇರೆ ಸಂಸಾರ ಏನಾದರೂ ಇದೆಯೇ, ಮುಚ್ಚಿಡಬೇಡಿ ಎಂದರು. ಇದೆ, ಆದರೆ ಅದಕ್ಕೆ ನಾಲ್ಕು ಚಕ್ರ ಎಂದೆ.

ಕೊನೆಗೆ ದಕ್ಷಿಣದ ಜಿಜಾನ್ ಪಟ್ಟಣದಿಂದ ಒಬ್ಬರು ಮಾಸ್ತರರು ಬಂದರು, ಜೊತೆಗೆ ಅವರ ವಯಸ್ಸಾದ ತಂದೆ. ಮಾಸ್ತರರು ಬಾನೆಟ್ ಎತ್ತಿ ನೋಡುತ್ತಿದ್ದಾಗ ಆ ಹಿರಿಯರು ಯಾರನ್ನೂ ಕೇಳದೆ ಒಳಗೆ ಹತ್ತಿ ಕುಳಿತು, ಗೇರಿನ ಕೋಲಿನ ಮೇಲೆ ಕೈಯಿಟ್ಟರು. ಆಮೇಲೆ ಇಳಿಯಲೇ ಇಲ್ಲ. ಅವರಿಗೂ ಇಂಥದ್ದೇ ಒಂದು ಇತ್ತಂತೆ. ಮನೆಗೆ ಹೊಸ ಗಾಡಿ ಬಂದಾಗ ಮಕ್ಕಳು ಅದನ್ನು ಗುಜರಿಗೆ ಕಳಿಸಿದ್ದರಂತೆ. ಮಗ ತಲೆ ತಗ್ಗಿಸಿ ಬಾನೆಟ್ ಮುಚ್ಚಿದ್ದನ್ನು ನೋಡಿದರೆ, ಕಳಿಸಿದವರು ಯಾರೆಂದು ಬಿಡಿಸಿ ಹೇಳಬೇಕಿರಲಿಲ್ಲ.

"ಇದನ್ನು ಕೊಂಡೋಗಿ ಎಂತ ಮಾಡ್ತಾರಂತೆ, ಕೇಳಿ ಬ್ಯಾರಿಗಳೇ," ಎಂದರು ಪೊರ್ಬುಗಳು.

ಕೇಳಿದೆ. ಏನೂ ಮಾಡುವುದಿಲ್ಲ, ಸಂಜೆ ನಮಾಜು ಮುಗಿಸಿ ಗೆಳೆಯರ ಜೊತೆ ಇದರೊಳಗೆ ಕೂರುತ್ತೇನೆ, ಚಹಾ ಕುಡಿಯುತ್ತೇವೆ ಎಂದರು ಹಿರಿಯರು. ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಪೊರ್ಬುಗಳು ಜೇಬಿನಿಂದ ಕೀಲಿಕೈ ತೆಗೆದಿದ್ದರು. ಹಿರಿಯರ ಅಂಗೈಯಲ್ಲಿ ಅದನ್ನಿಟ್ಟು, ಬೆರಳುಗಳನ್ನು ತಾವೇ ಮಡಚಿದರು.

"ಸಂಬಂಧ ಒಳ್ಳೆದುಂಟು ಮಾರಾಯ್ರೆ," ಎಂದು ನನ್ನ ಕಡೆ ತಿರುಗಿದಾಗ ಕಣ್ಣು ತುಂಬಿತ್ತು, ಮುಖ ನಗುತ್ತಿತ್ತು. ಆ ತಿಂಗಳಲ್ಲೇ ಅವರು ಶಿರ್ವ ಸೇರಿದರು.

ಎಣ್ಣೆ ಚೆಲ್ಲಿದ ದಿನ ಸಂಜೆ, ಸೀಟು ತಿಕ್ಕುತ್ತಾ ಇದನ್ನೆಲ್ಲ ನಬೀಸಳಿಗೆ ಮತ್ತೊಮ್ಮೆ ಹೇಳಿದೆ. ಅವಳಿಗೆ ಗೊತ್ತಿಲ್ಲದ್ದೇನೂ ಅಲ್ಲ. ಚಕ್ಕುಲಿ ಮಾಡಿಕೊಟ್ಟವಳೇ ಅವಳು. ಎಂಥ ಮನುಷ್ಯ ನೋಡು, ಒಂದು ಹಳೆಯ ಕಾರಿಗಾಗಿ ಒಂದು ವರ್ಷ ಊರಿಗೆ ಹೋಗದೆ ಕೂತರಲ್ಲ ಎಂದು ನಕ್ಕೆ. ಅವಳು ನಗಲಿಲ್ಲ. ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ, ಹಿಂಡಿ, ನನ್ನ ಕೈಗೆ ಕೊಟ್ಟಳು.

"ಪೊರ್ಬುಗಳಿಗೆ ಬಿಟ್ಟು ಹೋಗ್ಲಿಕ್ಕೆ ಒಂದು ಕಾರಾದ್ರೂ ಇತ್ತು," ಎಂದಳು. "ನಿಮ್ಗೆ ಇಲ್ಲಿ ಎಂತ ಉಂಟು?"

ಏನಾದರೂ ಇದ್ದೇ ಇರುತ್ತದೆಂದು ಹುಡುಕಿದೆ. ನನ್ನ ಜಪಾನಿ ಕಾರನ್ನು ನಾಳೆ ಯಾರು ಒಯ್ದರೂ ನನಗೆ ಬೇಸರವಿಲ್ಲ. ಆಫೀಸಿಗೆ ನನಗಿಂತ ಚುರುಕಾದವರು ಬಂದು ವರ್ಷಗಳಾಗಿವೆ. ನಾನು ಬಿಡಲಾರದೆ ಹಿಡಿದುಕೊಂಡಿದ್ದು ಈ ಊರನ್ನಲ್ಲ, ಇಲ್ಲಿ ಕಳೆದ ನನ್ನ ಹರೆಯವನ್ನು. ಅದನ್ನು ಹಂಚಿಕೊಂಡ ಐವರೂ ಈಗ ಅಲ್ಲಿದ್ದಾರೆ, ಉಡುಪಿ ಮತ್ತು ಮಂಗಳೂರಿನ ನಡುವೆ ಒಂದೊಂದು ಬಸ್‌ಸ್ಟಾಪಿನ ದೂರದಲ್ಲಿ. ಇಷ್ಟು ಸಣ್ಣ ಸಂಗತಿ ತಿಳಿಯಲು ನನಗೆ ಇಷ್ಟು ಕಾಲ ಬೇಕಾಯಿತೇ ಎಂದು ನಾಚಿಕೆಯಾಯಿತು, ಸಂತೋಷವೂ ಆಯಿತು.

ಮುಂದಿನ ರಂಜಾನಿಗೆ ಊರಿನಲ್ಲೇ ಎಂದೆ. ನಬೀಸ ಬಕೆಟ್ ಎತ್ತಿಕೊಂಡು ಹೊರಟಳು. ಈ ಮಾತನ್ನು ಅವಳು ಪ್ರತಿ ವರ್ಷ ಕೇಳಿದ್ದಾಳೆ. ಆಗ ನಾನು ಒದ್ದೆ ಕೈಯಲ್ಲೇ ಫೋನ್ ತೆಗೆದು, ಅವಳಿಗೆ ಕೇಳುವಂತೆ, ಆ ಮಾತನ್ನೇ ಪೊರ್ಬುಗಳಿಗೆ ಹೇಳಿದೆ. ಅವಳು ಬಕೆಟ್ ಕೆಳಗಿಟ್ಟಳು. ಇನ್ನು ದಿನಾ ಬೆಳಿಗ್ಗೆ ಶಿರ್ವದಿಂದ ಫೋನ್ ಬರುತ್ತದೆ, ಟಿಕೆಟ್ ಆಯಿತೇ ಎಂದು ಕೇಳುತ್ತದೆ, ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.